ತೀರಿಕೊಂಡವರಿಗೆ ಆನ್‌ಲೈನ್‌ನಲ್ಲಿ ಒಂದು ಜಾಗ: ವಾಟ್ಸಾಪ್, ಫೇಸ್‌ಬುಕ್, ಆಲ್ಬಂ, ವೆಬ್‌ಸೈಟ್ – ಯಾವುದು ಯಾರಿಗೆ?

ಅಪ್ಪ ತೀರಿಕೊಂಡು ನಾಲ್ಕು ತಿಂಗಳು ಕಳೆದಿತ್ತು. ಒಂದು ಬೆಳಿಗ್ಗೆ ತಿಪಟೂರಿನಿಂದ ಅತ್ತೆಯ ಫೋನು. “‘ಅಣ್ಣ ಲೆಫ್ಟ್’ ಅಂತ ಬಂದಿದೆ ಕಣೋ. ಏನೋ ಇದು?”

ಅವರ ಫೋನಿನಲ್ಲಿ ಅಪ್ಪನ ನಂಬರು ‘ಅಣ್ಣ’ ಅಂತಲೇ ಸೇವ್ ಆಗಿತ್ತು. ನಮ್ಮ ಮನೆಯ ವಾಟ್ಸಾಪ್ ಗ್ರೂಪಿನಿಂದ ಅಪ್ಪ ಹೊರಗೆ ಹೋಗಿದ್ದರು. ಯಾರೂ ತೆಗೆದಿರಲಿಲ್ಲ. 120 ದಿನ ಬಳಸದೆ ಬಿಟ್ಟ ಖಾತೆಯನ್ನು ವಾಟ್ಸಾಪ್ ಅಳಿಸಿಹಾಕುತ್ತದೆ, ಅಷ್ಟೇ. ಇದನ್ನು ಅತ್ತೆಗೆ ಹೇಗೆ ಹೇಳೋದು? “ಏನಿಲ್ಲ ಅತ್ತೆ, ಕಂಪನಿಯವರ ರೂಲ್ಸು” ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಫೋನ್ ಇಟ್ಟರು.

ಇನ್ನೊಂದು ಆಮೇಲೆ ಆಯಿತು. ಅಪ್ಪನ ಸಿಮ್‌ಗೆ ನಾವು ರೀಚಾರ್ಜ್ ಮಾಡಿಸಿರಲಿಲ್ಲ. ನಂಬರು ಬೇರೆ ಯಾರಿಗೋ ಹೋಯಿತು. ದಸರಾ ಹೊತ್ತಿಗೆ ಅತ್ತೆಯ ಫೋನಿನಲ್ಲಿ ‘ಅಣ್ಣ’ ಅನ್ನೋ ಹೆಸರಿನ ಪಕ್ಕ, ಬೈಕ್ ಮೇಲೆ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಕೂತ ಹುಡುಗನೊಬ್ಬನ ಡಿಪಿ ಬಂತು. ಅತ್ತೆ ಆ ನಂಬರನ್ನು ಇವತ್ತಿಗೂ ಡಿಲೀಟ್ ಮಾಡಿಲ್ಲ.

ಅಪ್ಪನ ನೆನಪಿಗೆ ಆನ್‌ಲೈನ್‌ನಲ್ಲಿ ಸರಿಯಾದ ಒಂದು ಜಾಗ ಮಾಡಬೇಕು ಅಂತ ನಾವು ಹುಡುಕಲು ಶುರು ಮಾಡಿದ್ದು ಆಗಲೇ. ನನ್ನ ಅಣ್ಣ ಅಮೆರಿಕದಲ್ಲಿ, ಅಕ್ಕ ಮೈಸೂರಿನಲ್ಲಿ, ನಾನು ಬೆಂಗಳೂರಿನಲ್ಲಿ, ಅಮ್ಮ ಊರಿನಲ್ಲಿ. ಫೋಟೊಗಳು ಆರು ಫೋನುಗಳಲ್ಲಿ ಚೆಲ್ಲಾಪಿಲ್ಲಿ. ಸುಮಾರು ಒಂದು ವರ್ಷ ಅದನ್ನು ಇದನ್ನು ನೋಡಿದೆವು. ಕೆಲವು ತಪ್ಪು ಮಾಡಿದೆವು. ಹಾಗೆ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಒಂದು ನಾಯಿಯ ಕತೆ

ಯಾವುದು ಒಳ್ಳೆಯದು, ಯಾವುದು ಬೇಡ ಅಂತ ಅಳೆಯೋಕೆ ನನಗೆ ಅಳತೆಗೋಲು ಸಿಕ್ಕಿದ್ದು ಒಂದು ನಾಯಿಯಿಂದ. ಮಂಡ್ಯ ಜಿಲ್ಲೆ, ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸುಮಾರು 950ರಲ್ಲಿ ಒಂದು ಕಲ್ಲು ನೆಟ್ಟರು. ಕಾಳಿ ಅನ್ನೋ ಬೇಟೆನಾಯಿ ಕಾಡುಹಂದಿಯ ಜೊತೆ ಹೋರಾಡಿ, ಹಂದಿಯನ್ನೂ ಕೊಂದು ತಾನೂ ಸತ್ತಿತ್ತು. ಅದರ ನೆನಪಿಗೆ ಆ ಕಲ್ಲು. ನಾಯಿಯ ಯಜಮಾನ ಮಣಲೆರ, ಗಂಗ ವಂಶದ ದೊರೆ ಬೂತುಗನ ಕಡೆಯ ವೀರ. ತಕ್ಕೋಲದ ಯುದ್ಧದಲ್ಲಿ ಚೆನ್ನಾಗಿ ಕಾದಿದ್ದಕ್ಕೆ ಏನು ಬೇಕೋ ಕೇಳು ಅಂದಾಗ ಊರು ಉಂಬಳಿ ಕೇಳಲಿಲ್ಲ, ಈ ನಾಯಿಯನ್ನು ಕೇಳಿದ್ದ.

ಇಷ್ಟು ಕತೆ ಬಹಳ ಜನಕ್ಕೆ ಗೊತ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಶಾಸನದ ಇನ್ನೊಂದು ಮಾತು. ಆ ಕಲ್ಲಿಗೆ ಪೂಜೆ ಮಾಡೋಕೆ ಒಬ್ಬ ಗೊರವ, ಅಂದರೆ ಶೈವ ಪೂಜಾರಿ, ಇದ್ದ. ಅದರ ಖರ್ಚಿಗೆ ಅಂತ ಜಮೀನು ಬಿಟ್ಟಿದ್ದರು. ಗೊರವ ಪೂಜೆ ಮಾಡದೆ ಊಟ ಮಾಡಿದರೆ ಪಾಪ ತಟ್ಟುತ್ತದೆ ಅಂತ ಕಲ್ಲಿನಲ್ಲೇ ಕೆತ್ತಿಸಿಬಿಟ್ಟಿದ್ದರು. ಅಂದರೆ ಕಲ್ಲು ನೆಟ್ಟರೆ ಮುಗಿಯಲಿಲ್ಲ, ಅದನ್ನು ನೋಡಿಕೊಳ್ಳೋಕೆ ಒಬ್ಬ ಆಳು ಬೇಕು, ಅವನಿಗೆ ಖರ್ಚಿಗೆ ಬೇಕು, ಕೈಬಿಟ್ಟರೆ ಕೇಳೋರು ಬೇಕು ಅನ್ನೋದು ಅವರಿಗೆ ಗೊತ್ತಿತ್ತು. ಕಲ್ಲು ಈಗ ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸಾವಿರ ವರ್ಷ ದಾಟಿದೆ.

ನಮ್ಮ ಕಾಲದ್ದು ನೋಡಿ. ಆರ್ಕುಟ್ 2004ರಲ್ಲಿ ಶುರುವಾಗಿ 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ತೀರಿಕೊಂಡ ಗೆಳೆಯರ ಸ್ಕ್ರಾಪ್‌ಬುಕ್ಕಿಗೆ ಹೋಗಿ ಬರೆಯುತ್ತಿದ್ದ ನಮ್ಮಂಥವರ ಮಾತೆಲ್ಲ ಅದರ ಜೊತೆ ಹೋಯಿತು. ಬೆಂಗಳೂರಿನಲ್ಲೇ ಹುಟ್ಟಿ, ಮೊದಲು ಕನ್ನಡದಲ್ಲೇ ಬಂದ, ಟ್ವಿಟರ್ ಥರದ ‘ಕೂ’ ಆ್ಯಪ್ 2024ರ ಜುಲೈನಲ್ಲಿ ಬಾಗಿಲು ಹಾಕಿತು. ಹತ್ತು ವರ್ಷ, ನಾಲ್ಕು ವರ್ಷ. ಹಾಗಾಗಿ ಯಾವ ಆಯ್ಕೆ ನೋಡಿದರೂ ನಾನು ಮೊದಲು ಕೇಳೋದು ಇದನ್ನೇ: ಇಲ್ಲಿ ಗೊರವ ಯಾರು? ಅವನ ಕೈಯಲ್ಲಿ ಕೀಲಿ ಇದೆಯಾ?

ವಾಟ್ಸಾಪ್ ಗ್ರೂಪ್: ಮೊದಲ ಹದಿಮೂರು ದಿನಕ್ಕೆ

ಸಾವಿನ ಮನೆಯಲ್ಲಿ ವಾಟ್ಸಾಪಿಗಿಂತ ಉಪಯೋಗದ್ದು ಬೇರೆ ಇಲ್ಲ. ಮಣ್ಣು ಎಷ್ಟು ಹೊತ್ತಿಗೆ, ಯಾರು ಎಲ್ಲಿದ್ದಾರೆ, ಹನ್ನೊಂದನೇ ದಿನದ ಅಡುಗೆಗೆ ಯಾರಿಗೆ ಹೇಳಿದೆ, ತಿಥಿ ಕಾರ್ಡಿನಲ್ಲಿ ಚಿಕ್ಕಪ್ಪನ ಹೆಸರು ಬಿಟ್ಟುಹೋಗಿದೆ – ಎಲ್ಲ ಅಲ್ಲೇ. ಹಳೆಯ ಫೋಟೊ ಬರೋದೂ ಅಲ್ಲೇ. ನಾವು ಯಾವತ್ತೂ ನೋಡಿರದ ಅಪ್ಪನ ಫೋಟೊ ಒಂದು ಹಾಗೆ ಬಂತು. ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಾ ಕೂತಿದ್ದಾರೆ, ಕಿವಿಯ ಮೇಲೆ ಪೆನ್ಸಿಲ್, ಪೊದೆಯಂಥ ಮೀಸೆ. ಕಳಿಸಿದವರು ಮಂಡಿಯ ಹಳೇ ಹಮಾಲಿ. ನಮ್ಮ ಅತ್ತೆಯ ಮಗ ಅವರನ್ನು ಗ್ರೂಪಿಗೆ ಸೇರಿಸಿರದಿದ್ದರೆ ಅದು ನಮ್ಮ ಕೈಗೆ ಬರುತ್ತಲೇ ಇರಲಿಲ್ಲ.

ಆದರೆ ಅದು ನೆನಪಿನ ಜಾಗ ಅಲ್ಲ. ಸಂತೆ ಅದು. ಬೆಳಿಗ್ಗೆ ಆರಕ್ಕೆ ಅಪ್ಪನ ಫೋಟೊ ಕೆಳಗೆ ಮೂವತ್ತು ‘ಓಂ ಶಾಂತಿ’. ಆರೂವರೆಗೆ ಗುಲಾಬಿ ಹೂವಿನ ಗುಡ್ ಮಾರ್ನಿಂಗ್. ಏಳಕ್ಕೆ ಯಾರದೋ ಸೈಟು ಮಾರಾಟಕ್ಕಿದೆ. ಮೂರು ತಿಂಗಳಾದ ಮೇಲೆ ಆ ಫೋಟೊ ಹುಡುಕಿ ಅಂದರೆ ಸ್ಕ್ರೋಲ್ ಮಾಡಿ ಮಾಡಿ ಬೆರಳು ಸವೆಯುತ್ತದೆ.

ವಾಟ್ಸಾಪಿನಲ್ಲಿ ನಿಜವಾಗಿ ಬೆಲೆಬಾಳೋದು ವಾಯ್ಸ್ ಮೆಸೇಜು. ನನ್ನ ಹತ್ತಿರ ಅಪ್ಪನದು 14 ಸೆಕೆಂಡಿನದು ಒಂದಿದೆ. “ಗ್ಯಾಸ್ ಬುಕ್ ಮಾಡಿದೀನಿ. ನೀನು ಇನ್ನೊಂದು ಬುಕ್ ಮಾಡಬೇಡ. ಊಟ ಆಯ್ತಾ?” ಅಷ್ಟೇ. ಹಿಂದೆ ಕುಕ್ಕರ್ ಕೂಗುತ್ತದೆ. ಅಣ್ಣನ ಹತ್ತಿರ ಇಂಥವು ಜಾಸ್ತಿ ಇದ್ದವು. ಅವನ ಫೋನ್ ಕೆಟ್ಟಿತು, ರಿಪೇರಿಗೆ ಕೊಟ್ಟ, ಅಂಗಡಿಯವರು ಫಾರ್ಮ್ಯಾಟ್ ಮಾಡಿ ಕೊಟ್ಟರು. ಬ್ಯಾಕಪ್ ಇರಲಿಲ್ಲ. ಆ ವಿಷಯ ಮಾತಾಡೋದನ್ನೇ ಬಿಟ್ಟಿದ್ದೇವೆ.

ಅದಕ್ಕೇ ಹೇಳೋದು, ಈ ಮೂರು ಕೆಲಸ ಇವತ್ತೇ ಮಾಡಿ. ಹೋದವರ ಜೊತೆಗಿನ ಚಾಟನ್ನು ‘ಎಕ್ಸ್‌ಪೋರ್ಟ್ ಚಾಟ್’ ಒತ್ತಿ, ಫೋಟೊ ಆಡಿಯೊ ಸಮೇತ ತೆಗೆದು ಬೇರೆ ಕಡೆ ಇಡಿ. ಆಡಿಯೊ ಫೈಲಿಗೆ ಹೆಸರು ಕೊಡಿ, ‘ಅಪ್ಪ – ಗ್ಯಾಸ್ ಬುಕಿಂಗ್’ ಅಂತ ಸುಮ್ನೆ ಇಟ್ಟರೂ ಸಾಕು, ಇಲ್ಲದಿದ್ದರೆ ಅಂಕಿಗಳ ಸಾಲಿನಲ್ಲಿ ಕಳೆದುಹೋಗುತ್ತದೆ. ಮೂರನೆಯದು ಸಿಮ್. ನಮ್ಮ ದೇಶದಲ್ಲಿ ಪ್ರೀಪೇಯ್ಡ್ ಸಿಮ್ 90 ದಿನ ಬಳಸದಿದ್ದರೆ ಬಂದ್ ಆಗಬಹುದು, ಆಮೇಲೆ ಅದೇ ನಂಬರನ್ನು ಇನ್ನೊಬ್ಬರಿಗೆ ಕೊಡುತ್ತಾರೆ. ಬ್ಯಾಂಕು, ವಿಮೆ, ಪಿಂಚಣಿ ಎಲ್ಲದರ ಒಟಿಪಿ ಆ ನಂಬರಿಗೇ ಬರೋದು. ಒಂದು ಚಿಕ್ಕ ರೀಚಾರ್ಜ್ ಹಾಕಿಸುತ್ತಾ ಇರಿ. ಮರಣ ಪ್ರಮಾಣಪತ್ರ ತೋರಿಸಿ ನಂಬರನ್ನು ಮನೆಯವರ ಹೆಸರಿಗೆ ಮಾಡಿಸಿಕೊಂಡರೆ ಇನ್ನೂ ಒಳ್ಳೆಯದು.

ಹಾಂ, ಆ ಮರಣ ಪ್ರಮಾಣಪತ್ರದ ಫೋಟೊವನ್ನು ಮಾತ್ರ ಗ್ರೂಪಿಗೆ ಹಾಕಬೇಡಿ. ನಮ್ಮಲ್ಲಿ ಹಾಕಿದ್ದರು.

ಫೇಸ್‌ಬುಕ್: ಗೆಳೆಯರು ಜಾಸ್ತಿ ಇದ್ದವರಿಗೆ

ಫೇಸ್‌ಬುಕ್‌ನಲ್ಲಿ ಮೂರು ದಾರಿ ಇವೆ. ಖಾತೆಯನ್ನು ಹಾಗೇ ಬಿಡೋದು, ಸ್ಮಾರಕ ಖಾತೆ ಮಾಡಿಸೋದು, ಪೂರ್ತಿ ಅಳಿಸೋದು.

ಹಾಗೇ ಬಿಟ್ಟರೆ ಏನಾಗುತ್ತದೆ ಗೊತ್ತಲ್ಲ. ಪ್ರತಿ ವರ್ಷ ‘ಇವತ್ತು ಇವರ ಹುಟ್ಟುಹಬ್ಬ, ವಿಶ್ ಮಾಡಿ’ ಅಂತ ಬರುತ್ತದೆ. ಸುದ್ದಿ ಗೊತ್ತಿಲ್ಲದವರು ಕೇಕಿನ ಚಿತ್ರ ಹಾಕಿ ‘ನೂರು ಕಾಲ ಬಾಳಿ ಸಾರ್’ ಅಂತ ಬರೆಯುತ್ತಾರೆ. ಮಕ್ಕಳು ಅದನ್ನು ಓದಬೇಕು. ನಮ್ಮ ಹಿರಿಯರ ವಿಷಯದಲ್ಲಿ ಆ ತಾರೀಖೂ ನಿಜವಾದದ್ದಲ್ಲ, ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡದ್ದು. ಇನ್ನು, ಹೋದವರ ಫೋಟೊ ಕದ್ದು ನಕಲಿ ಖಾತೆ ತೆರೆದು ‘ಅರ್ಜೆಂಟಾಗಿ ಹತ್ತು ಸಾವಿರ ಕಳಿಸಿ’ ಅಂತ ಮೆಸೇಜ್ ಮಾಡೋ ಕಳ್ಳರಿಗೂ ಹೀಗೆ ಅನಾಥವಾಗಿ ಬಿದ್ದಿರೋ ಖಾತೆ ಅನುಕೂಲ.

ಸ್ಮಾರಕ ಖಾತೆಯ ವ್ಯವಸ್ಥೆಯನ್ನು ಫೇಸ್‌ಬುಕ್ 2009ರಲ್ಲೇ ತಂದಿತು. ತೀರಿಕೊಂಡದ್ದಕ್ಕೆ ದಾಖಲೆ ಕೊಟ್ಟು, ಮರಣ ಪ್ರಮಾಣಪತ್ರವೋ ಪತ್ರಿಕೆಯ ನಿಧನ ವಾರ್ತೆಯೋ, ಮನೆಯವರು ಅಥವಾ ಗೆಳೆಯರು ಕೋರಿಕೆ ಸಲ್ಲಿಸಬಹುದು. ಆಗ ಹೆಸರಿನ ಜೊತೆ ‘ರಿಮೆಂಬರಿಂಗ್’ ಅಂತ ಬರುತ್ತದೆ. ಹುಟ್ಟುಹಬ್ಬದ ನೆನಪೋಲೆ ನಿಲ್ಲುತ್ತದೆ. ಹಳೆಯ ಪೋಸ್ಟುಗಳು ಯಾರಿಗೆ ಕಾಣುತ್ತಿದ್ದವೋ ಅವರಿಗೆ ಹಾಗೇ ಕಾಣುತ್ತವೆ. ಆದರೆ ಒಂದು ವಿಷಯ ಗಟ್ಟಿಯಾಗಿ ನೆನಪಿಡಿ: ಆಮೇಲೆ ಆ ಖಾತೆಯೊಳಗೆ ಯಾರೂ ಲಾಗಿನ್ ಆಗೋಕೆ ಬರಲ್ಲ. ಪಾಸ್‌ವರ್ಡ್ ಕೈಯಲ್ಲಿದ್ದರೂ ಬರಲ್ಲ. ದುಃಖದ ಭರದಲ್ಲಿ ಯಾರೋ ಗೆಳೆಯ ಒಳ್ಳೆಯ ಮನಸ್ಸಿನಿಂದ ಕೋರಿಕೆ ಹಾಕಿಬಿಟ್ಟರೆ ಮನೆಯವರು ಹೊರಗೆ ನಿಲ್ಲಬೇಕಾಗುತ್ತದೆ. ಹಾಗಾಗಿ ಇದು ಗೆಳೆಯರ ಕೆಲಸ ಅಲ್ಲ, ಮನೆಯವರೆಲ್ಲ ಕೂತು ಮಾತಾಡಿ ಮಾಡಬೇಕಾದ ಕೆಲಸ.

ಇಲ್ಲಿ ಗೊರವ ಇದ್ದಾನಾ? ಇದ್ದಾನೆ, ಆದರೆ ಅರ್ಧ ಅಧಿಕಾರದವನು. 2015ರಿಂದ ‘ಲೆಗಸಿ ಕಾಂಟ್ಯಾಕ್ಟ್’ ಅಂತ ಒಂದಿದೆ. ಬದುಕಿದ್ದಾಗಲೇ ಒಬ್ಬರನ್ನು ಹೆಸರಿಸಿಟ್ಟರೆ, ನಾವು ಹೋದ ಮೇಲೆ ಅವರು ನಮ್ಮ ಪುಟದ ಮೇಲ್ಗಡೆ ಒಂದು ಮಾತು ಬರೆದು ನಿಲ್ಲಿಸಬಹುದು, ಪ್ರೊಫೈಲ್ ಫೋಟೊ ಬದಲಿಸಬಹುದು, ಹೊಸ ಫ್ರೆಂಡ್ ರಿಕ್ವೆಸ್ಟಿಗೆ ಉತ್ತರ ಕೊಡಬಹುದು, ಖಾತೆ ತೆಗೆಯಿರಿ ಅಂತ ಕೇಳಬಹುದು. ನಮ್ಮ ಮೆಸೇಜುಗಳನ್ನು ಓದೋಕೆ ಆಗಲ್ಲ. ಅದು ಒಳ್ಳೆಯದೇ, ಅಲ್ವಾ? ಹಳೆಯ ಪೋಸ್ಟು ತಿದ್ದೋಕೂ ಆಗಲ್ಲ. ಆದರೆ ಈ ಹೆಸರು ಸೂಚಿಸೋ ಕೆಲಸ ಬದುಕಿದ್ದವರೇ ಮಾಡಬೇಕು. ಹೋದ ಮೇಲೆ ಮಗ ಮಗಳು ಬಂದು ‘ನಾವು ಲೆಗಸಿ ಕಾಂಟ್ಯಾಕ್ಟ್ ಆಗ್ತೀವಿ’ ಅಂದರೆ ಇಲ್ಲ. ನಮ್ಮಪ್ಪ ಮಾಡಿರಲಿಲ್ಲ. ಅವರಿಗೆ ಅದು ಇದೆ ಅಂತಲೂ ಗೊತ್ತಿರಲಿಲ್ಲ. ನಮಗೂ ಗೊತ್ತಿರಲಿಲ್ಲ.

ಇದೆಲ್ಲ ನೋಡಿ ನನ್ನ ಅಭಿಪ್ರಾಯ ಹೀಗೆ. ಹೋದವರು ಫೇಸ್‌ಬುಕ್‌ನಲ್ಲಿ ನಿಜವಾಗಿ ಬದುಕಿದ್ದರೆ, ಅಂದರೆ ಬರೆಯುತ್ತಿದ್ದರು, ಜಗಳ ಆಡುತ್ತಿದ್ದರು, ನೂರಾರು ಗೆಳೆಯರಿದ್ದರು ಅಂದರೆ ಸ್ಮಾರಕ ಖಾತೆಯೇ ಸರಿ. ಅವರ ಮಾತು ಅವರ ದನಿಯಲ್ಲೇ ಉಳಿಯುತ್ತದೆ. ಅಪ್ಪನಂಥವರು, ಮೊಮ್ಮಗಳ ಫೋಟೊಗೆ ಲೈಕ್ ಒತ್ತೋಕೆ ಮಾತ್ರ ಖಾತೆ ಇಟ್ಟುಕೊಂಡವರು, ಅವರದನ್ನು ಅಳಿಸಿದರೂ ಏನೂ ಹೋಗಲ್ಲ. ಬದಲಿಗೆ ಮನೆಯವರದೇ ಒಂದು ಪ್ರೈವೇಟ್ ಗ್ರೂಪ್ ಮಾಡಿದರೆ ಇಬ್ಬರು ಮೂವರು ಅಡ್ಮಿನ್ ಇರಬಹುದು, ಒಬ್ಬರು ಬಿಟ್ಟರೆ ಇನ್ನೊಬ್ಬರು ನೋಡಿಕೊಳ್ಳಬಹುದು. ಇನ್‌ಸ್ಟಾಗ್ರಾಮಿನಲ್ಲೂ ಸ್ಮಾರಕ ಖಾತೆ ಆಗುತ್ತದೆ. ವಯಸ್ಸಿನ ಮಕ್ಕಳನ್ನು ಕಳೆದುಕೊಂಡ ಮನೆಗಳಲ್ಲಿ ಅದನ್ನು ಮುಟ್ಟೋ ಮೊದಲು ಆ ಮಗುವಿನ ಗೆಳೆಯರನ್ನು ಒಂದು ಮಾತು ಕೇಳಿ. ಅವರು ಅಲ್ಲಿಗೆ ಬಂದು ಹೋಗುತ್ತಿರುತ್ತಾರೆ, ಮನೆಯವರಿಗೆ ಗೊತ್ತಿರಲ್ಲ.

ಗೂಗಲ್, ಆಪಲ್: ಕೀಲಿ ಇರೋದು ಇಲ್ಲಿ

ಇವು ಸ್ಮಾರಕ ಅಲ್ಲ, ಉಗ್ರಾಣ. ಆದರೆ ಉಗ್ರಾಣದ ಬೀಗ ತೆಗೆಯದೆ ಸ್ಮಾರಕಕ್ಕೆ ಸಾಮಾನು ಎಲ್ಲಿಂದ ಬರಬೇಕು?

ಬ್ಯಾಕಪ್ ಆನ್ ಇದ್ದರೆ ಆಂಡ್ರಾಯ್ಡ್ ಫೋನಿನ ಫೋಟೊ ಎಲ್ಲ ಗೂಗಲ್ ಖಾತೆಯಲ್ಲಿ ಇರುತ್ತವೆ. ಎರಡು ವರ್ಷ ಯಾರೂ ಮುಟ್ಟದ ಖಾತೆಯನ್ನು ಅಳಿಸಬಹುದು ಅನ್ನೋ ನಿಯಮವನ್ನು ಗೂಗಲ್ 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ. ಎರಡು ವರ್ಷ ಜಾಸ್ತಿ ಅನ್ನಿಸುತ್ತದೆ. ವರ್ಷದ ತಿಥಿ ಮುಗಿಸಿ, ಮನೆ ಜಮೀನಿನ ಖಾತೆ ಬದಲಾವಣೆ ಓಡಾಟ ಮುಗಿಸಿ, ಸ್ವಲ್ಪ ಉಸಿರು ಬಿಟ್ಟು ‘ಅಪ್ಪನ ಫೋಟೊ ನೋಡೋಣ’ ಅನ್ನೋ ಹೊತ್ತಿಗೆ ಅಷ್ಟು ಆಗಿಬಿಟ್ಟಿರುತ್ತದೆ.

ಇದಕ್ಕೆ ಮದ್ದು ‘ಇನ್ಯಾಕ್ಟಿವ್ ಅಕೌಂಟ್ ಮ್ಯಾನೇಜರ್’. 2013ರಿಂದ ಇದೆ, ಬಳಸೋರು ಕಮ್ಮಿ. 3, 6, 12 ಅಥವಾ 18 ತಿಂಗಳು ನಾನು ಖಾತೆ ಮುಟ್ಟದಿದ್ದರೆ ಇಂಥವರಿಗೆ ಹೇಳಿ, ಇಂಥ ವಸ್ತು ಕೊಡಿ ಅಂತ ಮೊದಲೇ ಬರೆದಿಡಬಹುದು. ಹತ್ತು ಜನರವರೆಗೆ ಹೆಸರಿಸಬಹುದು. ಫೋಟೊ ಹೆಂಡತಿಗೆ, ಕಡತ ಮಗನಿಗೆ ಅಂತ ಬೇರೆ ಬೇರೆ ಕೊಡಬಹುದು. ಐಫೋನ್ ಇದ್ದವರಿಗೆ 2021ರ ಡಿಸೆಂಬರಿನಿಂದ ‘ಡಿಜಿಟಲ್ ಲೆಗಸಿ’ ಇದೆ. ಐದು ಜನರವರೆಗೆ ಹೆಸರಿಸಬಹುದು. ಅವರಿಗೆ ಒಂದು ಕೀಲಿಸಂಖ್ಯೆ ಸಿಗುತ್ತದೆ, ಅದರ ಜೊತೆ ಮರಣ ಪ್ರಮಾಣಪತ್ರ ಕೊಟ್ಟರೆ ಮೂರು ವರ್ಷ ಒಳಗೆ ಹೋಗಿ ಬೇಕಾದ್ದು ತೆಗೆದುಕೊಳ್ಳಬಹುದು. ಮೂರು ವರ್ಷ ಆದ ಮೇಲೆ ಖಾತೆ ಪೂರ್ತಿ ಹೋಗುತ್ತದೆ.

ಎರಡರಲ್ಲಿ ಯಾವುದು ಮೇಲು ಅಂದರೆ, ನಮ್ಮಂಥವರಿಗೆ ಗೂಗಲ್ಲೇ ಸುಲಭ. ಅದು ತಾನೇ ಕಾದು ತಾನೇ ಮೇಲ್ ಕಳಿಸುತ್ತದೆ. ಆಪಲ್‌ನದಕ್ಕೆ ಮನೆಯವರು ಆ ಕೀಲಿಸಂಖ್ಯೆಯ ಕಾಗದವನ್ನು ಎಲ್ಲಿಟ್ಟಿದ್ದೇವೆ ಅಂತ ನೆನಪಿಟ್ಟುಕೊಳ್ಳಬೇಕು. ನಮ್ಮ ಮನೆಗಳಲ್ಲಿ ಗ್ಯಾಸ್ ಪುಸ್ತಕವೇ ಸಿಗಲ್ಲ.

ಹಂಚಿಕೊಂಡ ಆಲ್ಬಂ: ನಾನು ಮೊದಲು ಹೇಳೋದು ಇದನ್ನೇ

ಎಲ್ಲಕ್ಕಿಂತ ಕಡಿಮೆ ಗದ್ದಲ, ಜಾಸ್ತಿ ಉಪಯೋಗ ಇದರದ್ದು. ಗೂಗಲ್ ಫೋಟೋಸ್‌ನಲ್ಲಿ ಒಂದು ಶೇರ್ಡ್ ಆಲ್ಬಂ ಮಾಡಿ, ಲಿಂಕ್ ಕಳಿಸಿ, ಎಲ್ಲರೂ ಸೇರಿಸಲಿ ಅಂತ ಬಿಡಿ. ಒಂದು ಆಲ್ಬಮ್ಮಿನಲ್ಲಿ 20,000 ಫೋಟೊ ಹಿಡಿಯುತ್ತದೆ, ಯಾವ ಮನೆಗೂ ಸಾಕು. ಉಚಿತ ಜಾಗ 15 ಜಿಬಿ, ಅದರಲ್ಲೇ ಜಿಮೇಲ್ ಕೂಡ ಬರುತ್ತದೆ. ಯಾರು ಸೇರಿಸುತ್ತಾರೋ ಅವರ ಲೆಕ್ಕದಿಂದ ಜಾಗ ಹೋಗುತ್ತದೆ.

ಒಂದು ಕೊಕ್ಕೆ ಇದೆ. ಆಲ್ಬಂ ಅದನ್ನು ಮಾಡಿದವರ ಖಾತೆಗೆ ಅಂಟಿಕೊಂಡಿರುತ್ತದೆ. ಖಾತೆ ಹೋದರೆ ಆಲ್ಬಂ ಹೋಯಿತು. ಹಾಗಾಗಿ ಮನೆಯ ಇಬ್ಬರಾದರೂ ಫೋಟೊಗಳನ್ನು ತಮ್ಮ ಖಾತೆಗೆ ಸೇವ್ ಮಾಡಿಕೊಂಡು, ಒಂದು ಪ್ರತಿಯನ್ನು ಹಾರ್ಡ್ ಡಿಸ್ಕಿಗೂ ಹಾಕಬೇಕು.

ಇಲ್ಲಿ ಒಂದು ಕೆಲಸಕ್ಕೆ ಮಾತ್ರ ಸಮಯ ಕೊಡಿ. ಫೋಟೊ ಕೆಳಗೆ ಹೆಸರು ಬರೆಯೋದು. ಒಂದು ಭಾನುವಾರ ಅಮ್ಮನ ಪಕ್ಕ ಕೂತು ಲ್ಯಾಪ್‌ಟಾಪಿನಲ್ಲಿ ಒಂದೊಂದೇ ತೋರಿಸಿದೆ. “ಇದು ಯಾರಮ್ಮ?” “ಅದು ನಿಮ್ಮಪ್ಪನ ಸೋದರಮಾವ. ಅರಸೀಕೆರೆಯವರು. ಮದುವೆಗೆ ಟ್ರಂಕು ಕೊಟ್ಟಿದ್ದರು.” ಆ ಟ್ರಂಕು ಇನ್ನೂ ಅಟ್ಟದ ಮೇಲಿದೆ. ಮೂವತ್ತೆರಡು ಫೋಟೊಗೆ ಮೂರು ಗಂಟೆ ಹಿಡಿಯಿತು. ಅಮ್ಮ ಎರಡು ಸಲ ಕಾಫಿ ಮಾಡಿದರು. ಅಮ್ಮನಿಗೂ ಗೊತ್ತಾಗದ ಮುಖಗಳು ನಾಲ್ಕು ಇದ್ದವು, ಅವು ಈಗಲೂ ಹೆಸರಿಲ್ಲದೆ ಇವೆ. ಇದನ್ನು ಯಾವ ಆ್ಯಪೂ ಮಾಡಿಕೊಡಲ್ಲ.

ಸ್ಮಾರಕ ವೆಬ್‌ಸೈಟುಗಳು ಮತ್ತು ಸ್ವಂತ ಪುಟ

ಸ್ಮಾರಕಕ್ಕೇ ಅಂತ ಇರೋ ವೆಬ್‌ಸೈಟುಗಳು ಹೊಸದೇನಲ್ಲ. ಸಾಯುವ ಕಾಯಿಲೆಯಲ್ಲಿದ್ದ ಕೆನಡಾದ ಎಂಜಿನಿಯರ್ ಮೈಕ್ ಕಿಬ್ಬಿ 1995ರಲ್ಲೇ ‘ವರ್ಲ್ಡ್ ವೈಡ್ ಸೆಮೆಟರಿ’ ಅಂತ ಶುರು ಮಾಡಿದ್ದ. ಈಗ ಇಂಥವು ಹತ್ತಾರು ಇವೆ. ಚೆಂದದ ಪುಟ, ಫೋಟೊ, ಜೀವನದ ಕತೆ, ಬಂದವರು ದೀಪ ಹಚ್ಚೋ ಬಟನ್ನು. ಹೊರದೇಶದಲ್ಲಿರೋ ಮಕ್ಕಳಿಗೆ, ಅವರ ಆಫೀಸಿನವರಿಗೆ ಒಂದು ಲಿಂಕ್ ಕಳಿಸೋಕೆ ಅನುಕೂಲ. ನಮ್ಮಣ್ಣನಿಗೆ ಇದೇ ಇಷ್ಟವಾಗಿತ್ತು.

ನನಗೆ ಎರಡು ತಕರಾರು. ಮೊದಲನೆಯದು ದುಡ್ಡಿನದು. ಉಚಿತ ಪುಟದಲ್ಲಿ ಜಾಹೀರಾತು ಬರಬಹುದು. ಅಪ್ಪನ ಫೋಟೊ ಪಕ್ಕ ಸಾಲದ ಜಾಹೀರಾತು ಬಂದರೆ ಹೇಗಿರುತ್ತದೆ? ದುಡ್ಡು ಕೊಟ್ಟರೆ ‘ಲೈಫ್‌ಟೈಮ್’ ಅನ್ನುತ್ತಾರೆ. ಯಾರ ಲೈಫ್‌ಟೈಮು ಅಂತ ಕೇಳಿ. ಹೋದವರದು ಮುಗಿದಿದೆ, ಉಳಿದಿರೋದು ಆ ಕಂಪನಿಯದು. ದುಡ್ಡು ಕಟ್ಟೋ ಮೊದಲು, ಪುಟದಲ್ಲಿರೋದನ್ನೆಲ್ಲ ಒಟ್ಟಿಗೆ ಡೌನ್‌ಲೋಡ್ ಮಾಡಿಕೊಳ್ಳೋಕೆ ಬರುತ್ತದಾ ಅಂತ ನೋಡಿ. ಬರಲ್ಲ ಅಂದರೆ ಬೇಡ.

ಎರಡನೆಯದು, ಅವುಗಳ ಅಚ್ಚು ನಮ್ಮದಲ್ಲ. ಮೇಣದಬತ್ತಿ, ಚರ್ಚಿನ ಪ್ರಾರ್ಥನೆಯ ಸಮಯ, ಹೂವಿನ ಬೊಕ್ಕೆ. ನಾವು ನೆನೆಯೋದು ತಿಥಿ ಪ್ರಕಾರ. ಅದು ಪ್ರತಿ ವರ್ಷ ಬೇರೆ ತಾರೀಖಿಗೆ ಬೀಳುತ್ತದೆ. ಮಹಾಲಯ ಅಮಾವಾಸ್ಯೆಗೆ ಎಡೆ ಇಡುತ್ತೇವೆ. ಇವುಗಳ ನೆನಪೋಲೆ ಬರೋದು ಮಾತ್ರ ಇಂಗ್ಲಿಷ್ ತಾರೀಖಿಗೆ. ಅದಕ್ಕೆ ಯುಗಾದಿಗೆ ಹೊಸ ಪಂಚಾಂಗ ಬಂದ ಕೂಡಲೇ ಆ ವರ್ಷದ ತಿಥಿ ನೋಡಿ ಫೋನ್ ಕ್ಯಾಲೆಂಡರಿಗೆ ಹಾಕಿಕೊಳ್ಳೋದು ಒಂದೇ ದಾರಿ. ನಮ್ಮ ಮನೆಯಲ್ಲಿ ಅದು ಅಕ್ಕನ ಕೆಲಸ.

ಮಣ್ಣು ಮಾಡೋ ಪದ್ಧತಿ ಇರೋ ಮನೆಗಳಿಗೆ, ಅಂದರೆ ಲಿಂಗಾಯತರಿರಲಿ, ಕ್ರೈಸ್ತರಿರಲಿ, ಮುಸ್ಲಿಮರಿರಲಿ, ‘ಫೈಂಡ್ ಎ ಗ್ರೇವ್’ ಅನ್ನೋದು ಇದೆ. ಇದೂ 1995ರದ್ದು. ಸಮಾಧಿಯ ಫೋಟೊ, ಅದಿರೋ ಜಾಗ ಹಾಕಬಹುದು. ಆದರೆ ಅಲ್ಲಿ ಯಾರು ಬೇಕಾದರೂ ಯಾರ ಪುಟವನ್ನಾದರೂ ಮಾಡಬಹುದು. ಅಪರಿಚಿತರು ಮಾಡಿದ ಪುಟ ಕಂಡರೆ ಹತ್ತಿರದ ಸಂಬಂಧಿಕರು ಅದನ್ನು ತಮ್ಮ ಕೈಗೆ ಕೊಡಿ ಅಂತ ಕೇಳಬಹುದು.

ಸ್ವಂತ ಪುಟ ಮಾಡೋದು ಅಂದುಕೊಂಡಷ್ಟು ಕಷ್ಟ ಅಲ್ಲ. ಗೂಗಲ್ ಸೈಟ್ಸ್ ಅಥವಾ ವರ್ಡ್‌ಪ್ರೆಸ್‌ನಲ್ಲಿ ಉಚಿತವಾಗಿಯೇ ಒಂದು ಸಂಜೆಯಲ್ಲಿ ಆಗುತ್ತದೆ. ಸ್ವಂತ ಹೆಸರಿನ ವಿಳಾಸ ಬೇಕು ಅಂದರೆ ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸು. ಆ ಸಾವಿರ ರೂಪಾಯಿಯೇ ಅಪಾಯ. ಒಂದು ವರ್ಷ ಕಟ್ಟೋದು ಮರೆತರೆ ವಿಳಾಸ ಕೈತಪ್ಪಿ, ಅಲ್ಲಿ ಜೂಜಿನ ಸೈಟು ಬಂದು ಕೂತರೂ ಕೂತೀತು. ಕಟ್ಟೋ ಆಳು ಖಚಿತವಾಗಿಲ್ಲದಿದ್ದರೆ ಉಚಿತ ವಿಳಾಸದಲ್ಲೇ ಇರಿ. ಪುಟ ಆದ ಮೇಲೆ ಅದರ ವಿಳಾಸವನ್ನು, ವೆಬ್ ಪುಟಗಳ ಪ್ರತಿ ತೆಗೆದಿಡೋ ಇಂಟರ್ನೆಟ್ ಆರ್ಕೈವಿನ ವೇಬ್ಯಾಕ್ ಮಷೀನಿಗೆ ಕೊಟ್ಟು ಉಳಿಸಿ. ದುಡ್ಡು ಬೇಕಿಲ್ಲ. ಹೊರಗಿನವರಿಗೂ ಕಾಣೋ ಪುಟ ಆಗಿರಬೇಕು, ಅಷ್ಟೇ.

ಕನ್ನಡದಲ್ಲೇ ಬರೆಯಿರಿ, ಆದರೆ ಯೂನಿಕೋಡ್‌ನಲ್ಲಿ, ಅಂದರೆ ಯಾವ ಫೋನಿನಲ್ಲೂ ಕನ್ನಡವಾಗಿಯೇ ಕಾಣೋ ಅಕ್ಷರದಲ್ಲಿ. ನಮ್ಮ ಚಿಕ್ಕಪ್ಪ ಅಪ್ಪನ ಬಗ್ಗೆ ನಾಲ್ಕು ಪುಟ ಬರೆಸಿ ಕಳಿಸಿದ್ದರು, ಊರಿನ ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ ಫಾಂಟಿನಲ್ಲಿ. ತೆರೆದರೆ ಎಲ್ಲ ಇಂಗ್ಲಿಷ್ ಅಕ್ಷರದ ಕಿಚಡಿ. ಬದಲಾಯಿಸೋ ಸಾಧನಗಳಿವೆ, ಆದರೂ ಒತ್ತಕ್ಷರ ಅಲ್ಲಲ್ಲಿ ಒಡೆಯುತ್ತವೆ, ಕೂತು ತಿದ್ದಬೇಕು. ಹೆಸರನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಹಾಕಿ. ಮೊಮ್ಮಕ್ಕಳು ಹುಡುಕೋದು ಇಂಗ್ಲಿಷಿನಲ್ಲಿ. ಹುಟ್ಟಿದ ತಾರೀಖು, ಮನೆ ವಿಳಾಸ, ಆಧಾರ್ ಕಾಣೋ ಯಾವುದೂ ಬೇಡ. ಇಸವಿ ಸಾಕು.

ಉಳಿದವು, ಬೇಗ ಬೇಗ

ಪತ್ರಿಕೆಯ ‘ಭಾವಪೂರ್ಣ ಶ್ರದ್ಧಾಂಜಲಿ’ ಜಾಹೀರಾತು ಒಂದು ದಿನದ್ದು, ಆದರೆ ಊರಿಗೆ ಸುದ್ದಿ ಮುಟ್ಟಿಸೋಕೆ ಈಗಲೂ ಅದೇ. ಇ-ಪೇಪರಿನಲ್ಲಿ ಅದು ಚಿತ್ರವಾಗಿ ಇರೋದರಿಂದ ಮುಂದೆ ಹುಡುಕಿದರೆ ಸಿಗೋದು ಕಷ್ಟ. ಪೇಪರಿನ ತುಣುಕು ಸ್ಕ್ಯಾನ್ ಮಾಡಿ ಆಲ್ಬಮ್ಮಿಗೆ ಹಾಕಿಡಿ.

ವಿಕಿಪೀಡಿಯ ಸ್ಮಾರಕದ ಜಾಗ ಅಲ್ಲ, ಅವರ ನಿಯಮವೇ ಹಾಗಿದೆ. ಯಕ್ಷಗಾನ ಕಲಾವಿದರು, ಊರಿಗೆ ಹೆಸರಾದ ನಾಟಿ ವೈದ್ಯರು, ಇಂಥವರ ಬಗ್ಗೆ ಪತ್ರಿಕೆಗಳಲ್ಲಿ ಸಾಕಷ್ಟು ಬಂದಿದ್ದರೆ ಮಾತ್ರ ಆ ಕಡೆ ಯೋಚಿಸಿ. ಆಗಲೂ ಮಗನೇ ಬರೆಯೋದು ಬೇಡ.

ಎಐ ಬಳಸಿ ಹೋದವರನ್ನು ಮಾತಾಡಿಸೋದು ಈಗ ಬಂದಿದೆ. 2020ರಲ್ಲಿ ಕೊರಿಯಾದ ಟಿವಿಯೊಂದು, ತೀರಿಕೊಂಡ ಮಗಳ ರೂಪವನ್ನು ತಾಯಿಯ ಎದುರು ವಿಆರ್‌ನಲ್ಲಿ, ಅಂದರೆ ಕಣ್ಣಿಗೆ ಹಾಕಿಕೊಂಡು ನೋಡೋ ಕಂಪ್ಯೂಟರ್ ಲೋಕದಲ್ಲಿ, ತಂದು ನಿಲ್ಲಿಸಿತ್ತು. 2024ರಲ್ಲಿ ತಮಿಳುನಾಡಿನಲ್ಲಿ ಕರುಣಾನಿಧಿಯವರ ಎಐ ರೂಪ ಭಾಷಣ ಮಾಡಿತು. ರಾಜಕೀಯದವರು ಏನಾದರೂ ಮಾಡಿಕೊಳ್ಳಲಿ. ಮನೆಯಲ್ಲಿ ನನಗೆ ಇದು ಬೇಡ. ಅಪ್ಪ ಹೇಳಿರದ ಮಾತನ್ನು ಅಪ್ಪನ ದನಿಯಲ್ಲಿ ಕೇಳೋದಕ್ಕಿಂತ ಗ್ಯಾಸ್ ಬುಕಿಂಗಿನ 14 ಸೆಕೆಂಡೇ ಮೇಲು. ನಿಮಗೆ ಬೇಕು ಅನ್ನಿಸಿದರೆ, ಮನೆಯಲ್ಲಿ ಉಳಿದವರನ್ನೆಲ್ಲ ಕೇಳಿ ಮಾಡಿ. ಒಬ್ಬರಿಗೆ ಸಮಾಧಾನ ಕೊಡೋದು ಇನ್ನೊಬ್ಬರ ನಿದ್ದೆ ಕೆಡಿಸಬಹುದು.

ಹಾಗಾದರೆ ಯಾವುದು?

ಈಗಷ್ಟೇ ಕಳೆದುಕೊಂಡಿದ್ದರೆ ಯಾವ ಸ್ಮಾರಕವೂ ಬೇಡ. ವಾಟ್ಸಾಪ್ ಗ್ರೂಪ್ ಸಾಕು. ಸಿಮ್ ಉಳಿಸಿಕೊಳ್ಳಿ, ಫೋನನ್ನು ಫಾರ್ಮ್ಯಾಟ್ ಮಾಡಬೇಡಿ, ವಾಯ್ಸ್ ಮೆಸೇಜು ಎತ್ತಿಡಿ. ಮಕ್ಕಳು ಊರೂರಿಗೆ ಹಂಚಿಹೋದ ಮನೆ ಆದರೆ ಹಂಚಿಕೊಂಡ ಆಲ್ಬಂ, ಅದರ ಜೊತೆ ಒಂದು ಚಿಕ್ಕ ಸ್ವಂತ ಪುಟ. ಹೊರಗಿನ ಜನ ಜಾಸ್ತಿ ಬಂದು ಹೋಗುತ್ತಿದ್ದ ಮನುಷ್ಯ ಆದರೆ ಫೇಸ್‌ಬುಕ್ ಸ್ಮಾರಕ ಖಾತೆ. ದುಡ್ಡು ತೆಗೆದುಕೊಳ್ಳೋ ಸ್ಮಾರಕ ವೆಬ್‌ಸೈಟನ್ನು ನಾನು ಕೊನೆಗೆ ಇಡುತ್ತೇನೆ, ಅಣ್ಣ ಒಪ್ಪದಿದ್ದರೂ.

ನಾವು ಮಾಡಿದ್ದು ಆಲ್ಬಂ ಮತ್ತು ಒಂದೇ ಒಂದು ಪುಟ. ಪುಟದಲ್ಲಿ ಅಪ್ಪನ ಬಗ್ಗೆ ಹನ್ನೆರಡು ಸಾಲು, ಏಳು ಫೋಟೊ, ಒಂದು ಆಡಿಯೊ. ಗೊರವನ ಕೆಲಸ ವಹಿಸಿಕೊಂಡಿರೋದು ಅಕ್ಕನ ಮಗಳು, ಈಗ ಸೆಕೆಂಡ್ ಪಿಯುಸಿ. ನಮಗಿಂತ ಜಾಸ್ತಿ ವರ್ಷ ಇರೋಳು ಅಂತ ಅವಳನ್ನೇ ಆರಿಸಿದ್ದು. ಪಾಸ್‌ವರ್ಡ್ ಒಂದು ನೋಟ್‌ಬುಕ್ಕಿನಲ್ಲಿದೆ, ನೋಟ್‌ಬುಕ್ಕು ಅಮ್ಮನ ಬೀರುವಿನಲ್ಲಿ ವಿಮೆ ಬಾಂಡಿನ ಕೆಳಗಿದೆ. ವರ್ಷಕ್ಕೆ ಎರಡು ಸಲ, ಯುಗಾದಿಗೆ ಮತ್ತು ಮಹಾಲಯ ಅಮಾವಾಸ್ಯೆಗೆ, ಲಾಗಿನ್ ಆಗಿ ಎಲ್ಲ ಸರಿಯಿದೆಯಾ ಅಂತ ನೋಡಬೇಕು. ಅಷ್ಟು ಅವಳ ಕೆಲಸ. ಜಮೀನು ಬಿಡೋಕೆ ನಮ್ಮ ಹತ್ತಿರ ಇಲ್ಲ, ವರ್ಷಕ್ಕೊಂದು ಸಲ ಅವಳ ಫೋನ್ ರೀಚಾರ್ಜ್ ನನ್ನ ಲೆಕ್ಕ. ಅದಕ್ಕೆ ಅವಳು ಇನ್ನೊಂದು ಷರತ್ತು ಹಾಕಿದಳು. ಪುಟದ ಮೇಲ್ಗಡೆ ಅಮ್ಮ ಆರಿಸಿದ, ಪಂಚೆ ಶಲ್ಯದ ಗಂಭೀರ ಫೋಟೊ ಬೇಡ. ಮಂಡಿಯದೇ ಬೇಕು, ಕಿವಿಯ ಮೇಲೆ ಪೆನ್ಸಿಲ್ ಇರೋದು.